11 ತಿಂಗಳ ಕರಾರು ಮುಗಿಯುವ ಮುಂಚೆ: ಬೆಂಗಳೂರಿನ ಬಾಡಿಗೆ ಏರಿಕೆಯ ಲೆಕ್ಕಾಚಾರ

ಬೆಂಗಳೂರಿನ ಸಾಧಾರಣ ಫ್ಲ್ಯಾಟ್‌ ಒಂದಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ಏರಿಸಬಹುದು ಎಂದು ಮಿತಿ ಹಾಕುವ ಕಾನೂನು ಇಲ್ಲ. ಶೇ 5 ಎಂದು ಕೆಲವರು ಹೇಳುತ್ತಾರೆ, ಶೇ 10 ಎಂದು ಇನ್ನು ಕೆಲವರು. ಎರಡೂ ರೂಢಿಯಿಂದ ಬಂದ ಮಾತುಗಳು. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅವಕ್ಕೆ ಬೆಲೆ. ಬರೆದಿಲ್ಲ ಅಂದರೆ, ಕರಾರು ಮುಗಿದ ಮೇಲೆ ಓನರ್ ಶೇ 15 ಕೇಳಿದರೂ ಅದು ಕಾನೂನಿಗೆ ವಿರುದ್ಧವಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕರಾರು ಮುಗಿಯುವ ಹೊತ್ತಿಗೆ "ಮುಂದಿನ ತಿಂಗಳಿಂದ ಮೂರು ಸಾವಿರ ಜಾಸ್ತಿ" ಎಂಬ ಮೆಸೇಜ್ ಬಂದಾಗ ತುಂಬಾ ಜನ ಹುಡುಕುವುದು ಕಾನೂನನ್ನೇ. ಇಷ್ಟು ಏರಿಸುವ ಹಾಗಿಲ್ಲ ಎಂಬ ಒಂದು ಸಾಲು ಎಲ್ಲಾದರೂ ಸಿಗುತ್ತದೆ ಎಂದುಕೊಳ್ಳುತ್ತಾರೆ. ಹುಡುಕುವುದರಲ್ಲೇ ಒಂದು ವಾರ ಹೋಗುತ್ತದೆ. ಬಾಡಿಗೆಗೆ ಇರುವವರಿಗೆ ಬಲ ಇರುವುದು ಬೇರೆ ಎರಡು ಕಡೆ. ಒಂದು, ಮನೆಗೆ ಬರುವಾಗ ಸಹಿ ಹಾಕಿದ ಕಾಗದ. ಇನ್ನೊಂದು, ಮನೆ ಖಾಲಿ ಬಿದ್ದರೆ ಓನರ್‌ಗೆ ಆಗುವ ನಷ್ಟದ ಲೆಕ್ಕ. ಎರಡನೆಯದನ್ನು ನಾವು ಹೆಚ್ಚಾಗಿ ಮಾಡಿಯೇ ನೋಡುವುದಿಲ್ಲ.

ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕಕ್ಕೆ 1999ರ ಬಾಡಿಗೆ ಕಾಯ್ದೆ ಇದೆ. ಅದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಚಿಕ್ಕ ಊರುಗಳಿಗೆ ಈ ಗೆರೆ 2,000 ರೂಪಾಯಿ. ಆ ಕಾಲಕ್ಕೆ 3,500 ಅಂದರೆ ಒಳ್ಳೆಯ ಮನೆಯ ಬಾಡಿಗೆ. ಇವತ್ತು ಅಷ್ಟಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮೂ ಸಿಗುವುದಿಲ್ಲ. ಕಾಯ್ದೆ ಪುಸ್ತಕದಲ್ಲಿದೆ, ಆದರೆ ಫ್ಲ್ಯಾಟಿನಲ್ಲಿ ಇರುವವರಲ್ಲಿ ಯಾರನ್ನೂ ಅದು ಕಾಯುವುದಿಲ್ಲ.

ಹಾಗಾದರೆ ನಮಗೆ ಅನ್ವಯಿಸುವುದು ಏನು? 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಮ್ಮದೇ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂದು ಕಾನೂನು ಹೇಳುತ್ತದೆ. ಆ ಖರ್ಚು ಮತ್ತು ಓಡಾಟ ತಪ್ಪಿಸಿಕೊಳ್ಳಲು ಎಲ್ಲರೂ 11 ತಿಂಗಳಿಗೆ ಬರೆಯುತ್ತಾರೆ. ಆ 11 ತಿಂಗಳಲ್ಲಿ, ಕರಾರಿನಲ್ಲಿ ಹೇಳಿರದ ಏರಿಕೆಯನ್ನು ಓನರ್ ತಾವೊಬ್ಬರೇ ತೀರ್ಮಾನಿಸಿ ಮಾಡುವಂತಿಲ್ಲ. ಅವಧಿ ಮುಗಿದು, ಹೊಸ ಕರಾರು ಆಗದೆ, ನೀವು ಬಾಡಿಗೆ ಕಟ್ಟುತ್ತಾ ಅವರು ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಕಾಗದದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಅಂಥ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. "ಅಗ್ರಿಮೆಂಟ್ ರಿನ್ಯೂ ಮಾಡದೆ ಸುಮ್ನೆ ಇದ್ದುಬಿಡೋಣ, ಓನರ್‌ಗೆ ಮರೆತುಹೋಗಲಿ" ಎಂದು ಕೆಲವರು ಯೋಚಿಸುತ್ತಾರಲ್ಲ, ಅವರು ಈ 15 ದಿನವನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಬಾಡಿಗೆ ಏಕೆ ಏರುತ್ತದೆ ಎನ್ನುವುದು. ಓನರ್‌ಗಳು ಹೇಳುವ ಕಾರಣ ಬೇರೆ, ನಿಜವಾಗಿ ಏರಿಸುವ ಕಾರಣ ಬೇರೆ.

ಅವರು ಸಾಮಾನ್ಯವಾಗಿ ಹೇಳುವುದು ಇಎಂಐ ಮತ್ತು ಬೆಲೆ ಏರಿಕೆ. 2022ರ ಮೇನಿಂದ 2023ರ ಫೆಬ್ರವರಿ ತನಕ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಗೃಹಸಾಲದ ಬಡ್ಡಿ ಅದರ ಹಿಂದೆಯೇ ಏರಿತು. "ನಮ್ಮ ಇಎಂಐ ಜಾಸ್ತಿ ಆಗಿದೆ, ಅದಕ್ಕೇ ಬಾಡಿಗೆ ಏರಿಸುತ್ತಿದ್ದೇವೆ" ಎಂಬ ಮಾತು ಆಗ ಎಲ್ಲ ಕಡೆ ಕೇಳಿಬಂತು. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ಅದೇ ರೆಪೊ ಶೇ 5.25ಕ್ಕೆ ಇಳಿಯಿತು. ಹಲವರ ಇಎಂಐ ಇಳಿಯಿತು, ಇಲ್ಲವೇ ಕಟ್ಟಬೇಕಾದ ಕಂತುಗಳ ಸಂಖ್ಯೆ ಕಡಿಮೆಯಾಯಿತು. ಬಾಡಿಗೆ ಇಳಿಸಿದ ಓನರ್ ಎಷ್ಟು ಜನ? ಬೆಲೆ ಏರಿಕೆಯದೂ ಇದೇ ಕಥೆ. 2025ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಬಂದಿತ್ತು. ಅದೇ ತಿಂಗಳಲ್ಲಿ ಕರಾರು ಮುಗಿದವರಿಗೆ ಏರಿಕೆ ಶೇ 5ಕ್ಕಿಂತ ಕೆಳಗೆ ಬಂದದ್ದು ಅಪರೂಪ.

ಓನರ್‌ಗಳು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವರ ಖರ್ಚಿಗೂ ಬಾಡಿಗೆಗೂ ನೇರ ಸಂಬಂಧ ಇಲ್ಲ ಅಷ್ಟೇ. ನಮ್ಮ ನಗರಗಳಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ವರ್ಷದ ಬಾಡಿಗೆ ಸುಮಾರು ಶೇ 3ರಿಂದ 4 ಇರುತ್ತದೆ. ಒಂದು ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ 30,000 ಬಂದರೆ ಹೆಚ್ಚು. ಆ ಫ್ಲ್ಯಾಟಿಗೆ 75 ಲಕ್ಷ ಸಾಲ ಮಾಡಿದ್ದರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ ತಿಂಗಳಿಗೆ ಸುಮಾರು 65,000. ಬಾಡಿಗೆ ಅದರ ಅರ್ಧವೂ ಆಗುವುದಿಲ್ಲ. ಸಾಲ ಮಾಡಿದವರಿಗೂ ಸಾಲವೇ ಇಲ್ಲದವರಿಗೂ ಒಂದೇ ಬೀದಿಯಲ್ಲಿ ಒಂದೇ ಬಾಡಿಗೆ ಸಿಗುತ್ತದೆ. ಬಾಡಿಗೆಯನ್ನು ನಿರ್ಧರಿಸುವುದು ಆ ಬೀದಿಯಲ್ಲಿ ಮನೆ ಹುಡುಕುತ್ತಿರುವವರು ಎಷ್ಟು, ಖಾಲಿ ಮನೆ ಎಷ್ಟು ಎನ್ನುವುದು.

ಇದಕ್ಕೆ ಬೆಂಗಳೂರೇ ಸಾಕ್ಷಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಐಟಿಯವರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದರು. ಮಾರತಹಳ್ಳಿ, ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಪಿಜಿಗಳು ಖಾಲಿಯಾದವು. ಎಷ್ಟೋ ಓನರ್‌ಗಳು ತಾವಾಗಿಯೇ ಬಾಡಿಗೆ ಇಳಿಸಿ "ಇದ್ದುಬಿಡಿ" ಎಂದರು. 2022ರಲ್ಲಿ ಕಂಪನಿಗಳು ಮತ್ತೆ ಆಫೀಸಿಗೆ ಕರೆಯತೊಡಗಿದವು. ಹೋದವರೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಂದರು. ನಡುವಿನ ಎರಡು ವರ್ಷ ಕಟ್ಟಡ ಕೆಲಸ ಕುಂಟಿತ್ತು. ಒಂದು ಮನೆ ಖಾಲಿಯಾದ ದಿನವೇ ಹತ್ತಾರು ಫೋನ್ ಬರುವ ಕಾಲ ಅದು. ನಂತರ ಮೆಟ್ರೊ ಬಂತು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ತೆರೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡತೊಡಗಿತು. ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಗಳಿಗೆ ಬೇಡಿಕೆ ಬಂತು. ಓನರ್ ಮನೆಗೆ ಒಂದು ಮೊಳೆಯನ್ನೂ ಹೊಡೆಸಿರಲಿಲ್ಲ, ಆದರೂ ಬಾಡಿಗೆ ಏರಿತು.

ಇದರಿಂದ ನಮಗೆ ಆಗುವ ಉಪಯೋಗ ಏನೆಂದರೆ, ಓನರ್ ಜೊತೆ ಮಾತಾಡುವಾಗ ಅವರ ಇಎಂಐ ಬಗ್ಗೆ ವಾದಕ್ಕಿಳಿಯುವುದು ದಂಡ. ನಿಮ್ಮ ಸಂಬಳ ಏರಿಲ್ಲ ಎನ್ನುವ ಮಾತಿಗೂ ಅಷ್ಟೇ ಬೆಲೆ. ಅದೇ ಅಪಾರ್ಟ್‌ಮೆಂಟಿನಲ್ಲಿ, ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಮನೆ ಈಗ ಎಷ್ಟಕ್ಕೆ ಹೋಗುತ್ತಿದೆ ಎನ್ನುವುದೊಂದೇ ಕೆಲಸಕ್ಕೆ ಬರುವ ಮಾಹಿತಿ. ಬಾಡಿಗೆ ಆ್ಯಪುಗಳಲ್ಲಿ ಕಾಣುವುದು ಕೇಳುವ ಬೆಲೆ. ಕೊಡುವ ಬೆಲೆ ತಿಳಿಯಬೇಕಾದರೆ ಕಳೆದ ಎರಡು ಮೂರು ತಿಂಗಳಲ್ಲಿ ಬಂದ ಅಕ್ಕಪಕ್ಕದವರನ್ನು ಕೇಳಬೇಕು, ಸೆಕ್ಯುರಿಟಿಯವರನ್ನು ಕೇಳಬೇಕು. ಯಾವ ಫ್ಲ್ಯಾಟ್ ಎಷ್ಟು ದಿನದಿಂದ ಖಾಲಿ ಇದೆ ಎನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾವ ಬ್ರೋಕರ್‌ಗೂ ಗೊತ್ತಿರುವುದಿಲ್ಲ.

ಈಗ ಶೇಕಡಾ ಲೆಕ್ಕ. 25,000 ಬಾಡಿಗೆಯ ಮನೆ. ವರ್ಷಕ್ಕೆ ಶೇ 5 ಏರಿದರೆ ಐದು ಏರಿಕೆಯ ನಂತರ ಅದು 31,907 ಆಗುತ್ತದೆ. ಶೇ 10 ಏರಿದರೆ 40,263. ಮೊದಲ ವರ್ಷ ಇವೆರಡರ ನಡುವೆ ತಿಂಗಳಿಗೆ 1,250 ರೂಪಾಯಿ ವ್ಯತ್ಯಾಸ. "ಹೋಗಲಿ ಬಿಡು, ಸಾವಿರದ ಇನ್ನೂರಕ್ಕೆ ಯಾರು ಜಗಳ ಆಡ್ತಾರೆ" ಅನ್ನಿಸುತ್ತದೆ. ಐದು ಏರಿಕೆಯ ಹೊತ್ತಿಗೆ ಅದೇ ವ್ಯತ್ಯಾಸ ತಿಂಗಳಿಗೆ 8,356. ಮಕ್ಕಳ ಶಾಲೆಯ ಕಾರಣಕ್ಕೆ ಒಂದೇ ಕಡೆ ಏಳೆಂಟು ವರ್ಷ ಇರಬೇಕಾದವರು ಮೊದಲ ಕರಾರಿನ ಶೇಕಡಾವನ್ನು ತಲೆ ಕೆಡಿಸಿಕೊಂಡು ನೋಡಬೇಕು.

ಇಲ್ಲೇ ಇನ್ನೊಂದು ಕಣ್ಣಿಗೆ ಬೀಳದ ಸಂಗತಿ ಇದೆ. ಕರಾರು 11 ತಿಂಗಳದ್ದು. ಪ್ರತಿ ರಿನ್ಯೂವಲ್‌ಗೂ ಏರಿಕೆ ಅಂದರೆ 11 ತಿಂಗಳಿಗೊಮ್ಮೆ ಏರಿಕೆ. ಶೇ 10 ಎಂದು ಬರೆದದ್ದು ವರ್ಷದ ಲೆಕ್ಕದಲ್ಲಿ ಶೇ 11ರ ಹತ್ತಿರ ಆಗುತ್ತದೆ. 11 ವರ್ಷದಲ್ಲಿ 12 ಸಲ ಏರಿಸಿದ ಹಾಗೆ. ಕರಾರು 11 ತಿಂಗಳದ್ದೇ ಇರಲಿ, "ಬಾಡಿಗೆ ಏರಿಕೆ ಮಾತ್ರ ಪ್ರತಿ 12 ತಿಂಗಳಿಗೆ ಒಮ್ಮೆ" ಎಂದು ಒಂದು ಸಾಲು ಸೇರಿಸಿ ಎಂದು ಕೇಳಿದರೆ ಬಹಳಷ್ಟು ಓನರ್‌ಗಳು ಒಪ್ಪುತ್ತಾರೆ. ಕೇಳುವವರೇ ಕಡಿಮೆ.

ಮೇಂಟೆನೆನ್ಸ್ ಕೂಡ ನೋಡಿ. ಬಾಡಿಗೆ 25,000, ಮೇಂಟೆನೆನ್ಸ್ 4,000 ಎಂದು ಬೇರೆ ಬೇರೆ ಬರೆದಿದ್ದರೆ ಏರಿಕೆ 25,000ದ ಮೇಲೆ ಬೀಳುತ್ತದೆ. ಎರಡನ್ನೂ ಸೇರಿಸಿ 29,000 ಎಂದು ಬರೆದಿದ್ದರೆ, ಅಸೋಸಿಯೇಷನ್ ಒಂದು ರೂಪಾಯಿಯನ್ನೂ ಏರಿಸದ ವರ್ಷದಲ್ಲೂ ಆ 4,000ದ ಮೇಲೆ ನೀವು ಏರಿಕೆ ಕಟ್ಟುತ್ತೀರಿ. ದಿನದ ಖರ್ಚು, ಅಂದರೆ ಸೆಕ್ಯುರಿಟಿ, ಲಿಫ್ಟ್, ನೀರಿನ ಟ್ಯಾಂಕರ್, ಕಸ, ಇವು ಅಲ್ಲಿ ವಾಸ ಮಾಡುವವರು ಕೊಡುವುದು ನ್ಯಾಯ. ಕಟ್ಟಡಕ್ಕೆ ಹೊಸ ಬಣ್ಣ, ಹೊಸ ಲಿಫ್ಟ್, ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಡುವ ದುಡ್ಡು), ಇವು ಆಸ್ತಿಯ ಬೆಲೆ ಏರಿಸುವ ಖರ್ಚು. ಅದು ಓನರ್‌ದು. ಅಸೋಸಿಯೇಷನ್ ಮೀಟಿಂಗಿನಲ್ಲಿ ವೋಟು ಇರುವುದೂ ಓನರ್‌ಗೆ. ವೋಟು ಒಬ್ಬರಿಗೆ, ಬಿಲ್ಲು ಇನ್ನೊಬ್ಬರಿಗೆ ಆಗಬಾರದು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಓನರ್ ಕಳೆದುಕೊಳ್ಳುವುದು ವರ್ಷದ ಬಾಡಿಗೆಯ ಹನ್ನೆರಡನೇ ಒಂದು ಭಾಗ. ಅಂದರೆ ಶೇ 8.33. ನನ್ನ ಪ್ರಕಾರ ಬಾಡಿಗೆ ಮಾತುಕತೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇಲ್ಲ.

ಉದಾಹರಣೆಗೆ ನೀವು ಈಗ 28,000 ಕೊಡುತ್ತಿದ್ದೀರಿ. ಓನರ್ 31,000 ಕೇಳುತ್ತಾರೆ. ನೀವು ಶೇ 5 ಏರಿಸಿ 29,400 ಕೊಡುತ್ತೇನೆ ಎನ್ನುತ್ತೀರಿ. ಓನರ್ ಒಪ್ಪದೆ ನೀವು ಬಿಟ್ಟುಹೋದಿರಿ ಎಂದುಕೊಳ್ಳಿ. ಮನೆ ಒಂದು ತಿಂಗಳು ಖಾಲಿ ಇದ್ದು, ಆಮೇಲೆ ಅವರು ಕೇಳಿದ 31,000ಕ್ಕೇ ಬೇರೆಯವರು ಬಂದರು. ವರ್ಷದಲ್ಲಿ ಓನರ್‌ಗೆ ಸಿಗುವುದು 11 ತಿಂಗಳ ಬಾಡಿಗೆ, 3,41,000. ನೀವೇ 29,400ಕ್ಕೆ ಇದ್ದಿದ್ದರೆ ಸಿಗುತ್ತಿದ್ದದ್ದು 3,52,800. ನಿಮ್ಮನ್ನು ಕಳಿಸಿದ್ದಕ್ಕೆ ಅವರಿಗೆ 11,800 ನಷ್ಟ. ಹೊಸಬರು ಹೇಗೋ, ಬಾಡಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. ದೂರದ ಊರಿನಲ್ಲಿ ಅಥವಾ ವಿದೇಶದಲ್ಲಿ ಇರುವ ಓನರ್‌ಗೆ ಈ ಚಿಂತೆ ಇನ್ನೂ ದೊಡ್ಡದು. ಬಂದವರಿಗೆಲ್ಲ ಮನೆ ತೋರಿಸಲು ಬೀಗದ ಕೈ ಹಿಡಿದು ಓಡಾಡುವವರು ಯಾರಾದರೂ ಬೇಕಲ್ಲ.

ಆದರೆ ಅದೇ ಹೊತ್ತಿಗೆ ನಿಮ್ಮ ಲೆಕ್ಕವನ್ನೂ ಮುಚ್ಚುಮರೆ ಇಲ್ಲದೆ ಹಾಕಿಕೊಳ್ಳಿ. ಪಕ್ಕದ ರಸ್ತೆಯಲ್ಲಿ ಅಂಥದ್ದೇ ಮನೆ 29,000ಕ್ಕೆ ಸಿಗುತ್ತಿದೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, 29,000. ಹಳೆ ಮನೆಯ ಪೇಂಟಿಂಗ್ ಚಾರ್ಜ್ ಎಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು 28,000. ಸಾಮಾನು ಸಾಗಿಸಲು 15,000. ಹಳೆಯದಕ್ಕೂ ಹೊಸದಕ್ಕೂ ಹತ್ತು ದಿನ ಎರಡೆರಡು ಬಾಡಿಗೆ, ಹತ್ತಿರ ಹತ್ತಿರ 9,500. ಎಸಿ ಬಿಚ್ಚಿ ಕೂರಿಸುವುದು, ಪರದೆ, ಪ್ಲಂಬರ್, ಹೀಗೆ ಒಂದು 5,000. ಒಟ್ಟು 86,500. ಗೃಹಜ್ಯೋತಿಯನ್ನು ಹಳೆ ಮೀಟರಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸುವುದು, ಗ್ಯಾಸ್, ಇಂಟರ್ನೆಟ್, ಬ್ಯಾಂಕಿನ ವಿಳಾಸ, ಈ ಓಡಾಟ ಲೆಕ್ಕಕ್ಕೆ ಸೇರಿಲ್ಲ. 31,000ಕ್ಕೆ ಇಲ್ಲೇ ಇರುವುದರ ಬದಲು ಅಲ್ಲಿಗೆ ಹೋದರೆ ವರ್ಷಕ್ಕೆ ಉಳಿಯುವುದು 24,000. ಹಾಕಿದ ದುಡ್ಡು ಹಿಂದೆ ಬರಲು ಮೂರೂವರೆ ವರ್ಷ ಬೇಕು. ಅಷ್ಟರಲ್ಲಿ ಅಲ್ಲಿಯೂ ಮೂರು ಸಲ ಏರಿರುತ್ತದೆ.

ಹಾಗಾಗಿ ಬಿಟ್ಟುಹೋಗುವುದು ಇಬ್ಬರಿಗೂ ನಷ್ಟ. ನಮಗೆ ಆಗುವ ನಷ್ಟ ಹೆಚ್ಚು, ಅದೂ ಒಂದೇ ಏಟಿಗೆ ಕೈಯಿಂದ ಹೋಗುವಂಥದ್ದು. ಓನರ್‌ಗೆ ಆಗುವ ನಷ್ಟ ಕಡಿಮೆ, ಕಣ್ಣಿಗೆ ಕಾಣುವುದೂ ಇಲ್ಲ. ಅದಕ್ಕೇ ಅವರು ಧೈರ್ಯವಾಗಿ ಕೇಳುತ್ತಾರೆ, ನಾವು ಹೆದರಿ ಒಪ್ಪುತ್ತೇವೆ. ಮಾತುಕತೆಯಲ್ಲಿ ನಾವು ಮಾಡಬೇಕಾದ ಕೆಲಸ ಅವರಿಗೆ ಕಾಣದ ಆ ನಷ್ಟವನ್ನು ಮರ್ಯಾದೆಯಿಂದ ಕಾಣಿಸುವುದು.

ಈ ಅಸಮತೋಲನಕ್ಕೆ ದೊಡ್ಡ ಕಾರಣ ಅಡ್ವಾನ್ಸ್. ಬೆಂಗಳೂರಿನ ಹಳೆ ರೂಢಿ ಹತ್ತು ತಿಂಗಳ ಬಾಡಿಗೆ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ, ಆದರೆ ಹತ್ತು ಕೇಳುವವರು ಇನ್ನೂ ಇದ್ದಾರೆ. 28,000 ಬಾಡಿಗೆಗೆ ಹತ್ತು ತಿಂಗಳು ಅಂದರೆ 2,80,000, ಬಡ್ಡಿ ಇಲ್ಲದೆ ಓನರ್ ಹತ್ತಿರ. ಅದೇ ದುಡ್ಡು ಶೇ 6.5ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 18,200 ಬರುತ್ತಿತ್ತು. ನಿಜವಾದ ಬಾಡಿಗೆ 28,000 ಅಲ್ಲ, 29,500. ಬಡ್ಡಿಯ ನಷ್ಟವಾದರೂ ಸಹಿಸಬಹುದು. ಮನೆ ಬದಲಿಸಲು ಹೊರಟಾಗ ಆಗುವ ಕಷ್ಟ ಅದಕ್ಕಿಂತ ದೊಡ್ಡದು. ಹಳೆಯ ಅಡ್ವಾನ್ಸ್ ವಾಪಸ್ ಬರುವುದು ಬೀಗದ ಕೈ ಕೊಟ್ಟ ಮೇಲೆ. ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕಾದದ್ದು ಅದಕ್ಕೂ ಮುಂಚೆ. ಕೆಲವು ವಾರಗಳ ಮಟ್ಟಿಗಾದರೂ ಎರಡು ಅಡ್ವಾನ್ಸ್ ಸೇರಿ ಐದೂವರೆ ಲಕ್ಷಕ್ಕೂ ಹೆಚ್ಚು ಸಿಕ್ಕಿಕೊಂಡಿರುತ್ತದೆ, ಅದರಲ್ಲಿ ಹತ್ತಿರ ಹತ್ತಿರ ಮೂರು ಲಕ್ಷವನ್ನು ಹೊಸದಾಗಿ ಹೊಂದಿಸಬೇಕು. ಆ ಶಕ್ತಿ ಇಲ್ಲದವರು ಏರಿಕೆ ಎಷ್ಟೇ ಇರಲಿ ಒಪ್ಪಿಕೊಳ್ಳುತ್ತಾರೆ. ಆಯ್ಕೆ ಇದ್ದು ಒಪ್ಪಿದ್ದಲ್ಲ ಅದು. ಹೊಸದಾಗಿ ಮನೆ ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ಬಾಡಿಗೆಯಲ್ಲಿ ಐನೂರು ಇಳಿಸಲು ಹೋರಾಡುವ ಬದಲು ಅಡ್ವಾನ್ಸಿನಲ್ಲಿ ಮೂರು ತಿಂಗಳು ಇಳಿಸಲು ಹೋರಾಡಿ. ಮುಂದಿನ ಪ್ರತಿ ಮಾತುಕತೆಯಲ್ಲೂ ಅದು ನಿಮ್ಮ ಬೆನ್ನಿಗೆ ಇರುತ್ತದೆ.

ಮಾತು ಯಾವಾಗ ಎತ್ತಬೇಕು? ಓನರ್ ಎತ್ತುವ ತನಕ ಕಾಯುವುದು ತಪ್ಪು. ಕರಾರು ಮುಗಿಯಲು ಎರಡು ಮೂರು ತಿಂಗಳು ಇರುವಾಗ ನೀವೇ ಶುರು ಮಾಡಿ. ಅಷ್ಟು ಸಮಯ ಇದ್ದರೆ ಬೇರೆ ಮನೆ ನೋಡುತ್ತೇನೆ ಎನ್ನುವ ಮಾತಿಗೆ ತೂಕ ಬರುತ್ತದೆ. ಹತ್ತು ದಿನ ಇರುವಾಗ ಅದೇ ಮಾತು ಬೆದರಿಕೆ ಎಂದೇ ಕೇಳಿಸುತ್ತದೆ, ಅದೂ ಟೊಳ್ಳು ಬೆದರಿಕೆ. ಕರಾರು ಯಾವ ತಿಂಗಳಲ್ಲಿ ಮುಗಿಯುತ್ತದೆ ಎನ್ನುವುದೂ ಮುಖ್ಯ. ಏಪ್ರಿಲ್‌ನಿಂದ ಜೂನ್ ತನಕ ಶಾಲೆ ಶುರುವಾಗುವ ಕಾಲ, ಮನೆ ಹುಡುಕುವವರು ಜಾಸ್ತಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ನಮ್ಮಲ್ಲಿ ಅನೇಕರು ಹೊಸ ಮನೆಗೆ ಹಾಲು ಉಕ್ಕಿಸುವುದಿಲ್ಲ. ಆಷಾಢದ ಮೊದಲ ವಾರ ಖಾಲಿಯಾದ ಮನೆ ಶ್ರಾವಣದ ತನಕ ಖಾಲಿಯೇ ಉಳಿಯುವುದು ಹಳೆಯ ಬಡಾವಣೆಗಳಲ್ಲಿ ಇವತ್ತಿಗೂ ಇದೆ. ಜಯನಗರ, ಬಸವನಗುಡಿ, ಮಲ್ಲೇಶ್ವರದ ಓನರ್‌ಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಐಟಿ ಕಾರಿಡಾರಿನಲ್ಲಿ ಈ ಪರಿಣಾಮ ಕಡಿಮೆ, ಅಲ್ಲಿ ಡಿಸೆಂಬರ್ ಸ್ವಲ್ಪ ಮಂಕು.

ಮಾತಿನ ಧಾಟಿ ಹೀಗಿರಬಹುದು: "ನಮಸ್ಕಾರ ಸಾರ್. ಸೆಪ್ಟೆಂಬರ್‌ಗೆ ಅಗ್ರಿಮೆಂಟ್ ಮುಗಿಯುತ್ತೆ. ನಮಗೆ ಇಲ್ಲೇ ಮುಂದುವರಿಯುವ ಆಸೆ ಇದೆ. ಮೂರು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಡ ಮಾಡಿಲ್ಲ. ನಮ್ಮ ಬ್ಲಾಕಿನಲ್ಲೇ ಇಂಥ ಮನೆ ಹೋದ ತಿಂಗಳು 29,500ಕ್ಕೆ ಹೋಯಿತು, ಇನ್ನೊಂದು ಒಂದೂವರೆ ತಿಂಗಳಿಂದ ಖಾಲಿ ಇದೆ. 29,400ಕ್ಕೆ ಎರಡು ವರ್ಷ ಇರ್ತೀವಿ ಅಂತ ಬೇಕಾದರೆ ಬರೆದುಕೊಡ್ತೀವಿ. ಯೋಚನೆ ಮಾಡಿ ಹೇಳಿ ಸಾರ್." ಇದರಲ್ಲಿ ಜಗಳ ಇಲ್ಲ, ಗೋಗರೆಯುವುದೂ ಇಲ್ಲ. ಖಾಲಿ ಇರುವ ಫ್ಲ್ಯಾಟಿನ ಮಾತು ಬಂದ ಕೂಡಲೇ ಓನರ್ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ನೀವು ಹೇಳುವ ಅಂಕಿ ಮಾತ್ರ ನಿಜವಾಗಿರಲಿ. ಸುಳ್ಳು ಹೇಳಿದರೆ ಒಂದು ಫೋನಿನಲ್ಲಿ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ.

ಬಾಡಿಗೆ ಇಳಿಸಲು ಒಪ್ಪದವರು ಬೇರೆ ವಿಷಯದಲ್ಲಿ ಬಗ್ಗುತ್ತಾರೆ. ಏರಿಕೆಯನ್ನು ಎರಡು ಮೂರು ತಿಂಗಳು ಮುಂದೆ ಹಾಕುವುದು, ಎರಡು ವರ್ಷಕ್ಕೆ ಒಂದೇ ಏರಿಕೆ, ಸೊಳ್ಳೆ ಪರದೆ ಹಾಕಿಸುವುದು, ಸೋರುವ ಬಾತ್‌ರೂಮ್ ರಿಪೇರಿ, ಬಿಡುವಾಗ ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ ಎಂಬ ಸಾಲು. ಕೊನೆಯದು ದೊಡ್ಡ ಮೊತ್ತ. ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಆದರೆ ಕರಾರಿನಲ್ಲಿ "ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ" ಎಂದು ಬರೆದು ನೀವು ಸಹಿ ಹಾಕಿದ್ದರೆ ಆ ರಕ್ಷಣೆ ಹೋಯಿತು. ಬಾಡಿಗೆ ಏರಿದಾಗ ಪೇಂಟಿಂಗ್ ಚಾರ್ಜೂ ಏರುತ್ತದೆ ಎನ್ನುವುದು ನೆನಪಿರಲಿ.

ಈ ಲೆಕ್ಕವೆಲ್ಲ ಬೇರೆ ಮನೆ ಸುಲಭವಾಗಿ ಸಿಗುವವರಿಗೆ. ಹೆಸರು ಕೇಳಿದ ಮೇಲೆ "ಮನೆ ಆಗಲೇ ಹೋಯಿತು" ಅನ್ನಿಸಿಕೊಳ್ಳುವ ಮುಸ್ಲಿಮರು, ಜಾತಿ ಕೇಳಿಸಿಕೊಳ್ಳುವ ದಲಿತರು, ಮಾಂಸ ತಿನ್ನುತ್ತೀರಾ ಎಂದು ಕೇಳಿಸಿಕೊಳ್ಳುವವರು, ಒಬ್ಬಂಟಿ ಹೆಣ್ಣುಮಕ್ಕಳು, ಬ್ಯಾಚುಲರ್‌ಗಳು, ಇವರೆಲ್ಲರಿಗೆ ಇನ್ನೊಂದು ಮನೆ ಹುಡುಕುವುದೆಂದರೆ ತಿಂಗಳುಗಟ್ಟಲೆ ಅವಮಾನ. ಓನರ್‌ಗೆ ಇದು ಗೊತ್ತು. ಅದಕ್ಕೆ ಇಂಥ ಬಾಡಿಗೆದಾರರಿಗೆ ಏರಿಕೆಯೂ ಹೆಚ್ಚು, ಚೌಕಾಸಿಗೆ ಜಾಗವೂ ಕಡಿಮೆ. ತಾರತಮ್ಯಕ್ಕೆ ಪ್ರತಿ ವರ್ಷ ಕಟ್ಟುವ ಬಡ್ಡಿ ಇದು. ಬಾಡಿಗೆಯ ವಿಷಯವನ್ನು ಬರೀ ಚೌಕಾಸಿಯ ಜಾಣತನಕ್ಕೆ ಬಿಡಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸುವುದು ಇಲ್ಲೇ.

ಕೆಲವು ಓನರ್‌ಗಳು ಗೆರೆ ದಾಟುತ್ತಾರೆ. ಕರಾರಿನ ನಡುವೆ ಏರಿಸಿ ಎನ್ನುತ್ತಾರೆ, ಒಪ್ಪದಿದ್ದರೆ ನೀರು ನಿಲ್ಲಿಸುತ್ತಾರೆ, ಬೀಗ ಬದಲಿಸುವ ಮಾತಾಡುತ್ತಾರೆ. ಆಗ ಮೊದಲ ಕೆಲಸ ಹಳೆ ಬಾಡಿಗೆಯನ್ನು ತಪ್ಪದೆ, ಅದೇ ತಾರೀಖಿಗೆ, ಬ್ಯಾಂಕ್ ಮೂಲಕವೇ ಕಟ್ಟುತ್ತಾ ಹೋಗುವುದು. ಬಾಡಿಗೆ ನಿಲ್ಲಿಸಿದರೆ ತಪ್ಪು ನಿಮ್ಮ ಕಡೆ ಬರುತ್ತದೆ. ಮಾತುಗಳನ್ನು ಫೋನಿನಿಂದ ಮೆಸೇಜಿಗೆ ತನ್ನಿ: "ಕರಾರು ಮಾರ್ಚ್ ತನಕ ಇದೆ, ಅಲ್ಲಿಯವರೆಗೆ ಇದೇ ಬಾಡಿಗೆ ಕಟ್ಟುತ್ತೇವೆ" ಎಂಬ ಒಂದು ಸಾಲು ಸಾಕು. ಬಲವಂತವಾಗಿ ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಮನೆಯನ್ನು ವಾಪಸ್ ಕೇಳಬಹುದು. ಓನರ್ ಆದರೂ ಕೋರ್ಟಿನ ದಾರಿಯಲ್ಲೇ ಬಿಡಿಸಬೇಕು. ಕೋರ್ಟಿನ ಖರ್ಚು ಎಲ್ಲರಿಗೂ ಆಗುವುದಿಲ್ಲ ನಿಜ. ಆದರೂ ಈ ಕಲಂ ಹೆಸರಿಟ್ಟು ಬರೆದ ಒಂದು ವಕೀಲರ ನೋಟಿಸ್‌ಗೆ ಸಾಮಾನ್ಯವಾಗಿ ಬೀಗದ ಮಾತು ನಿಲ್ಲುತ್ತದೆ.

ಕಾಗದದಲ್ಲಿ 15,000 ತೋರಿಸಿ ಉಳಿದ ಬಾಡಿಗೆ ನಗದಾಗಿ ಕೊಡಿ ಎನ್ನುವವರ ಮನೆಗೆ ಹೋಗಬೇಡಿ. ಅಡ್ವಾನ್ಸ್ ವಾಪಸ್ ಕೇಳುವ ದಿನ ನಿಮ್ಮ ಕೈಯಲ್ಲಿ ಸಾಕ್ಷಿ ಇರುವುದಿಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿಯೂ ಕಡಿಮೆಯಾಗುತ್ತದೆ. ಹೊಸ ಪದ್ಧತಿಯಲ್ಲಂತೂ ಆ ವಿನಾಯಿತಿಯೇ ಇಲ್ಲ. ಏರಿಕೆಯ ಪ್ರತಿ ರೂಪಾಯಿಯೂ ಕೈಯಿಂದಲೇ.

ಏರಿಕೆಯ ಕಾಟವೇ ಬೇಡ ಎಂದು ಲೀಸ್‌ಗೆ, ಅಂದರೆ ಭೋಗ್ಯಕ್ಕೆ ಹೋಗುವವರಿದ್ದಾರೆ. ಹದಿನೈದು ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ದುಡ್ಡು ವಾಪಸ್. ಕೇಳಲು ಚೆನ್ನಾಗಿದೆ. ಆದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ನಿಲ್ಲಿಸಿದರೆ, ಬ್ಯಾಂಕ್ ಮನೆಯನ್ನು ಹರಾಜಿಗೆ ಹಾಕುತ್ತದೆ. ನೋಂದಣಿ ಇಲ್ಲದ ಲೀಸ್ ಕಾಗದ ಆ ದಿನ ಉಪಯೋಗಕ್ಕೆ ಬರುವುದಿಲ್ಲ. ಜೀವಮಾನದ ಉಳಿತಾಯ ಹೀಗೆ ಕಳೆದುಕೊಂಡ ಕುಟುಂಬಗಳು ಈ ಊರಿನಲ್ಲಿವೆ. ಮನೆಯ ಮೇಲೆ ನೋಂದಣಿಯಾದ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ (ಇಸಿ) ನೋಡದೆ, ನೋಂದಣಿ ಮಾಡಿಸದೆ, ಮಧ್ಯವರ್ತಿಯ ಖಾತೆಗೆ ಲೀಸ್ ದುಡ್ಡು ಹಾಕಲೇಬೇಡಿ.

ಸರ್ಕಾರ ಏನು ಮಾಡಬಹುದು? "ಹೊಸ ಬಾಡಿಗೆ ನಿಯಮ ಬಂದಿದೆ, ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ" ಎಂಬ ಸಂದೇಶ ವಾಟ್ಸಾಪಿನಲ್ಲಿ ಆಗಾಗ ಓಡಾಡುತ್ತದೆ. ಅದರ ಮೂಲ 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ, ಏರಿಸುವ ಮುಂಚೆ ಮೂರು ತಿಂಗಳ ಲಿಖಿತ ನೋಟಿಸ್, ಕರಾರಿನಲ್ಲಿ ಬರೆದಂತೆಯೇ ಏರಿಕೆ, ತಕರಾರಿಗೆ ಪ್ರತ್ಯೇಕ ಬಾಡಿಗೆ ಪ್ರಾಧಿಕಾರ, ಇವೆಲ್ಲ ಅದರಲ್ಲಿವೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆಯಲ್ಲಿ ತಂದರಷ್ಟೇ ಜಾರಿ. ಬೆಂಗಳೂರಿನ ಅಡ್ವಾನ್ಸ್ ರೂಢಿಯನ್ನು ಅದು ಇನ್ನೂ ಮುಟ್ಟಿಲ್ಲ. ತಮಿಳುನಾಡು 2017ರ ತನ್ನ ಕಾಯ್ದೆಯಲ್ಲಿ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ, ಅಡ್ವಾನ್ಸಿಗೆ ಮೂರು ತಿಂಗಳ ಮಿತಿ ಹಾಕಿತು. ಮಹಾರಾಷ್ಟ್ರದಲ್ಲಿ 11 ತಿಂಗಳ ಕರಾರನ್ನೂ ನೋಂದಣಿ ಮಾಡಿಸುವುದು ಕಡ್ಡಾಯ, ಆ ಹೊಣೆ ಓನರ್‌ದು.

ಬಾಡಿಗೆಯನ್ನೇ ಬಿಗಿಯಾಗಿ ಕಟ್ಟಿಹಾಕಿ ಎಂದು ನಾನು ಕೇಳುವುದಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲವನ್ನು ಈ ಊರು ನೋಡಿದೆ. ಬಾಡಿಗೆ ಏರದ ಹಳೆ ಮನೆಗಳಿಗೆ ಓನರ್‌ಗಳು ಸುಣ್ಣ ಬಳಿಸುವುದನ್ನೂ ಬಿಟ್ಟರು. ಒಮ್ಮೆ ಕೊಟ್ಟರೆ ವಾಪಸ್ ಬರುವುದಿಲ್ಲ ಎಂದು ಹೆದರಿ ಮನೆಗೆ ಬೀಗ ಹಾಕಿ ಇಟ್ಟವರೂ ಇದ್ದರು. ಬಾಡಿಗೆಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆಯೂ ಸ್ವಂತ ವಾಸದ ಮನೆಗಿಂತ ಎರಡು ಪಟ್ಟು ಬೀಳುತ್ತದೆ, ಓನರ್ ಕಷ್ಟ ಇಲ್ಲ ಎಂದಲ್ಲ. ಕೇಳಬೇಕಾದದ್ದು ಮುಂಚಿತವಾಗಿ ಗೊತ್ತಾಗುವ ಏರಿಕೆ, ಕೈ ಕಟ್ಟಿಹಾಕದ ಅಡ್ವಾನ್ಸ್, ತಕರಾರು ಬಂದರೆ ತಿಂಗಳುಗಳಲ್ಲಿ ಮುಗಿಯುವ ವಿಚಾರಣೆ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಶೇ 27.5ರಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ವಲಸೆ ಬಂದವರೇ ಕಟ್ಟಿದ ಬೆಂಗಳೂರಿನಂಥ ಊರಿಗೆ ಈ ಮೂರು ಅನುಕೂಲ ಅತಿಯಾಸೆಯಲ್ಲ. 3,500 ರೂಪಾಯಿಯ ಗೆರೆಯನ್ನು ತೆಗೆದು ಇವನ್ನು ಕಾಯ್ದೆಗೆ ಸೇರಿಸುವುದು ವಿಧಾನಸಭೆಯ ಕೈಯಲ್ಲಿದೆ. ಚುನಾವಣೆಗೆ ವೋಟು ಕೇಳಲು ಅಪಾರ್ಟ್‌ಮೆಂಟಿಗೆ ಬರುವ ಅಭ್ಯರ್ಥಿಗಳು ಅಸೋಸಿಯೇಷನ್ ಪದಾಧಿಕಾರಿಗಳನ್ನು, ಅಂದರೆ ಓನರ್‌ಗಳನ್ನು ಭೇಟಿಯಾಗಿ ಹೋಗುತ್ತಾರೆ. ಬಾಡಿಗೆಗೆ ಇರುವವರು ಮತದಾರರ ಪಟ್ಟಿಯಲ್ಲಿ ಹೆಸರನ್ನು ಈಗಿನ ವಿಳಾಸಕ್ಕೆ ಬದಲಿಸಿಕೊಂಡು, ಆ ಸಭೆಗೆ ಇಳಿದು ಬಂದು, ಅಡ್ವಾನ್ಸ್ ಮಿತಿಯ ಬಗ್ಗೆ ನೇರವಾಗಿ ಕೇಳಬೇಕು. ವಿಳಾಸ ಬದಲಾವಣೆಗೆ ನಮೂನೆ 8 ತುಂಬಿದರೆ ಸಾಕು, ಆನ್‌ಲೈನಿನಲ್ಲೇ ಆಗುತ್ತದೆ.